ಪಾತಾಳಗರಡಿಯಿಂದ ಮುಚ್ಚಳದವರೆಗೆ

ಲಚ್ಯಾಣ (ಇಂಡಿ): ಸೇದುವ ಬಾವಿಯ ಕಾಲದಲ್ಲಿ ಹಗ್ಗ ಹಾಗೂ ಮುಳುಗಿದ ಕೊಡವನ್ನು ಎತ್ತುವ ಪಾತಾಳಗರಡಿಯನ್ನು ಹಳ್ಳಿಯ ಮನೆಗಳಲ್ಲಿ ತಲೆಮಾರುಗಳವರೆಗೆ ಕಾಪಿಡಲಾಗುತ್ತಿತ್ತು. ಕೊಳವೆಬಾವಿಗೆ ಬೇಕಾದ ಪ್ರಥಮ ರಕ್ಷಣಾ ಸಾಧನ ಮುಚ್ಚಳ.

2024ರ ಏಪ್ರಿಲ್ 3ರಂದು ಇಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ, ಎರಡು ವರ್ಷ ತುಂಬದ ಬಾಲಕನನ್ನು ಸಮಾನಾಂತರ ಗುಂಡಿ ತೋಡಿ ಸುಮಾರು 20 ತಾಸುಗಳ ಬಳಿಕ ಜೀವಂತವಾಗಿ ಹೊರತೆಗೆಯಲಾಯಿತು. ಬಾದಾಮಿ ತಾಲ್ಲೂಕಿನ ಸೂಳಿಕೇರಿ (2014), ಅಥಣಿ ತಾಲ್ಲೂಕಿನ ಝುಂಜರವಾಡ (2017) ಪ್ರಕರಣಗಳಲ್ಲಿ ಮಕ್ಕಳು ಬದುಕುಳಿಯಲಿಲ್ಲ.

ಸುಪ್ರೀಂ ಕೋರ್ಟ್‌ನ 2010ರ ಮಾರ್ಗಸೂಚಿಯ ಮುಖ್ಯಾಂಶಗಳು:

* ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ಲಿಖಿತ ಮಾಹಿತಿ.
* ಸ್ಥಳದಲ್ಲಿ ತಂತಿಬೇಲಿ, ಎಚ್ಚರಿಕೆ ಫಲಕ.
* ಕೇಸಿಂಗ್ ಬಾಯಿಗೆ ಬೆಸುಗೆ ಹಾಕಿದ ಉಕ್ಕಿನ ತಟ್ಟೆ ಅಥವಾ ಬೋಲ್ಟ್ ಬಿಗಿದ ಮುಚ್ಚಳ.
* ಕೈಬಿಟ್ಟ ಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ನೆಲಮಟ್ಟದವರೆಗೆ ತುಂಬುವುದು.

ನೀರು ಬೀಳದಿದ್ದರೆ, ಕೊರೆಯುವ ಯಂತ್ರ ಹೊಲ ಬಿಡುವ ಮುನ್ನವೇ ಬಾವಿಯ ಬಾಯಿ ಮುಚ್ಚಿಸುವುದು ಲೇಸು. ಅವಘಡ ಸಂಭವಿಸಿದಲ್ಲಿ ತಡಮಾಡದೆ 112ಕ್ಕೆ ಕರೆ ಮಾಡಬೇಕು.