ಅಚ್ಚಿನ ಮನೆಯ ಚಿತ್ರಕಾರ: ಪುತ್ತೂರಿನ ಕಾರಂತರ ದೃಶ್ಯಪ್ರಯೋಗಗಳು

ಕೋಟ ಶಿವರಾಮ ಕಾರಂತರ (1902–1997) ಬಗೆಗಿನ ವಿಮರ್ಶೆಯ ಬಹುಪಾಲು ಅವರ ಕಾದಂಬರಿಗಳ ಸುತ್ತಲೇ ನಡೆದಿದೆ. ಯಕ್ಷಗಾನ, ಪರಿಸರ ಹೋರಾಟ, ವಿಶ್ವಕೋಶಗಳ ಮಾತು ಆಮೇಲೆ ಬರುತ್ತದೆ. ಅವರು ಚಿತ್ರ ಬರೆದವರು, ಚಿತ್ರಕಲೆಯ ಚರಿತ್ರೆಯನ್ನು ಕನ್ನಡಕ್ಕೆ ತಂದವರು, ಪುತ್ತೂರಿನಲ್ಲಿ ಮುದ್ರಣದ ಕೆಲಸಕ್ಕಿಳಿದು ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿದವರು ಎಂಬ ಸಂಗತಿಗಳು ಜೀವನಚರಿತ್ರೆಯಲ್ಲಿ ಒಂದೊಂದು ಸಾಲಿಗೆ ಮುಗಿದುಹೋಗುತ್ತವೆ. ಈ ಮೂರನ್ನೂ ಬಿಡಿ ಹವ್ಯಾಸಗಳೆಂದು ಎಣಿಸುವುದು ತಪ್ಪು. ಗೋಡೆಯ ಮೇಲೆ ಚಿತ್ರ ನಿಲ್ಲದ ಒಂದು ನಾಡಿನಲ್ಲಿ, ಚಿತ್ರಕ್ಕೆ ಬಾಳಿಕೆ ಬರುವ ನೆಲೆಯನ್ನು ಅವರು ಅಚ್ಚಿನ ಪುಟದಲ್ಲಿ ಹುಡುಕಿದರು ಎಂಬುದು ನನ್ನ ವಾದ.

ಅವರ ‘ಭಾರತೀಯ ಚಿತ್ರಕಲೆ’ ಹೊರಬಂದದ್ದು 1930ರಲ್ಲಿ. ಗುಲಾಂ ಯಜ್ದಾನಿಯವರು ಸಂಪಾದಿಸಿದ ಅಜಂತಾ ಸಂಪುಟಗಳಲ್ಲಿ ಮೊದಲನೆಯದು ಪ್ರಕಟವಾದದ್ದೂ ಅದೇ ವರ್ಷ. ಬಣ್ಣದ ಪ್ರತಿಕೃತಿಗಳು ಇನ್ನೂ ಶ್ರೀಮಂತ ಗ್ರಂಥಾಲಯಗಳ ಸೊತ್ತಾಗಿದ್ದ ಕಾಲದಲ್ಲಿ, ಇಪ್ಪತ್ತೆಂಟರ ಹರೆಯದವರೊಬ್ಬರು ದೇಶದ ಚಿತ್ರಪರಂಪರೆಯನ್ನು ಕನ್ನಡದಲ್ಲಿ ಹೇಳಲು ಹೊರಟದ್ದು ಸಣ್ಣ ಸಾಹಸವಲ್ಲ. ಕರ್ನಾಟಕದ ಚಿತ್ರಕಲೆಯ ಮೇಲೂ ಅವರು ಮುಂದೆ ಪ್ರತ್ಯೇಕವಾಗಿ ಬರೆದರು. ಬಾದಾಮಿಯ ಮೂರನೆಯ ಗುಹೆ, ಹಂಪಿಯ ವಿರೂಪಾಕ್ಷ ದೇವಾಲಯದ ಮುಚ್ಚಿಗೆ, ಸೀಬಿಯ ನರಸಿಂಹ ದೇವಾಲಯ, ಶ್ರೀರಂಗಪಟ್ಟಣದ ದರಿಯಾ ದೌಲತ್: ನಮ್ಮ ಭಿತ್ತಿಚಿತ್ರಗಳ ಈ ದಾರಿಯೆಲ್ಲ ಘಟ್ಟದ ಮೇಲೆಯೇ ಸಾಗುತ್ತದೆ.

ಕಾರಂತರು ಸುಮಾರು ನಾಲ್ಕು ದಶಕ ಬಾಳಿದ ಪುತ್ತೂರಿನ ಸೀಮೆ ಇದಕ್ಕಿಂತ ಬೇರೆ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಈ ನೆಲದಲ್ಲಿ ಮುರಕಲ್ಲಿನ ಗೋಡೆ ಮಳೆಗಾಲದ ಆಟಿ ತಿಂಗಳಲ್ಲಿ ಪಾಚಿ ಹಿಡಿಯುತ್ತದೆ. ಹಾಗೆಂದು ಇಲ್ಲಿ ಬಣ್ಣಕ್ಕೆ ಬಡತನವಿಲ್ಲ. ಈಗ ಕಡಬ ತಾಲ್ಲೂಕಿಗೆ ಸೇರಿರುವ ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿಗೆ ನೆಲದ ಮೇಲೆ ಬಣ್ಣದ ಹುಡಿಯ ಮಂಡಲ ಬರೆಯುತ್ತಾರೆ; ಪೂಜೆ ಮುಗಿದರೆ ಅದರ ಆಯುಸ್ಸೂ ಮುಗಿಯಿತು. ಸುಳ್ಯದ ಕಡೆಯ ಭೂತದ ಕೋಲಗಳಲ್ಲಿ ಅರದಾಳದ ಹಳದಿ, ಮಸಿಯ ಕಪ್ಪು, ಎಳೆಯ ತೆಂಗಿನ ಗರಿಯ ಅಲಂಕಾರ ಒಂದು ರಾತ್ರಿ ಉರಿದು ಬೆಳಗಿಗೆ ಅಳಿಯುತ್ತವೆ. ಯಕ್ಷಗಾನದ ತೆಂಕುತಿಟ್ಟಿನ ಬಣ್ಣದ ವೇಷಧಾರಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಉಬ್ಬು ಅಲಂಕಾರವಾದ ಚುಟ್ಟಿ ಇಡಲು ತಾಸುಗಟ್ಟಲೆ ಕುಳಿತಿರುತ್ತಾನೆ. ಗೆರೆ, ಬಣ್ಣ, ಉಬ್ಬು ಮೂರೂ ಇರುವ ಪೂರ್ಣ ಚಿತ್ರವದು. ಬಣ್ಣದ ಮನೆಯಾದ ಚೌಕಿಯಲ್ಲಿ ಹುಟ್ಟಿ ಚೌಕಿಯಲ್ಲೇ ತೊಳೆದುಹೋಗುತ್ತದೆ. ಈ ಕಲೆಗಳು ಅಳಿಯುವುದಕ್ಕೆಂದೇ ಹುಟ್ಟಿದವು. ಅದು ಅವುಗಳ ಕೊರತೆಯಲ್ಲ. ಆದರೆ ಅವನ್ನು ಓದಿ ಹೋಲಿಸಿ ನೋಡಬೇಕೆನ್ನುವವನಿಗೆ ದಾಖಲೆ ಬೇಕು. ಕಾರಂತರ 1957ರ ‘ಯಕ್ಷಗಾನ ಬಯಲಾಟ’ ಆ ಅಗತ್ಯದಿಂದ ಹುಟ್ಟಿದ ಗ್ರಂಥ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಕೃತಿಯಲ್ಲಿ ವೇಷಭೂಷಣ, ಮುಖವರ್ಣಿಕೆಗಳನ್ನು ಅವರು ಪ್ರಸಂಗ ಸಾಹಿತ್ಯದಷ್ಟೇ ಗಂಭೀರವಾಗಿ ಪರಿಗಣಿಸಿದರು. ಅಲ್ಲಿ ಮಾತನಾಡುವುದು ಚಿತ್ರಕಾರನ ಕಣ್ಣು ಎಂದು ನನಗೆ ಅನ್ನಿಸುತ್ತದೆ.

ಈಗ ಅಚ್ಚಿಗೆ ಬರೋಣ. ಕರಾವಳಿಯಲ್ಲಿ ಅಕ್ಷರ ಮತ್ತು ಚಿತ್ರದ ನಂಟು ಹಳೆಯದು. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ ಮೂಡಿತ್ತು. ಕಲ್ಲಚ್ಚಿನಲ್ಲಿ ಅಕ್ಷರವೂ ಕೈಬರಹದ ಗೆರೆಯೇ. ಮೊಳೆಯಚ್ಚು ಬಂದ ಮೇಲೆ ಎರಡೂ ಬೇರೆಯಾದವು. ಅಕ್ಷರ ಸೀಸದ್ದು, ಚಿತ್ರ ಸತುವಿನ ಬ್ಲಾಕಿನದು. 1930 ಮತ್ತು 40ರ ದಶಕಗಳಲ್ಲಿ ಕಾರಂತರು ಮುದ್ರಣದಲ್ಲಿ ಪ್ರಯೋಗಕ್ಕಿಳಿದಾಗ ಎದುರಾಗಬಹುದಾಗಿದ್ದ ಆಯ್ಕೆ ಸ್ಪಷ್ಟವಾಗಿತ್ತು. ಛಾಯೆಯನ್ನು ಚುಕ್ಕೆಗಳಾಗಿ ಒಡೆಯುವ ಹಾಫ್‌ಟೋನ್ ಬ್ಲಾಕಿಗೆ ನುಣುಪು ಕಾಗದ ಬೇಕು, ಒರಟು ಕಾಗದದಲ್ಲಿ ಅದರ ಚುಕ್ಕೆಗಳು ಮಸಿ ಕುಡಿದು ಕಲಸಿಹೋಗುತ್ತವೆ. ಬರೀ ಗೆರೆಯ ಲೈನ್ ಬ್ಲಾಕ್ ಹಾಗಲ್ಲ. ಮೊಳೆಗಳ ಜೊತೆಗೇ ಚೌಕಟ್ಟಿನಲ್ಲಿ ಕೂತು, ಅಗ್ಗದ ಕಾಗದದ ಮೇಲೂ ಒಂದೇ ಒತ್ತಿಗೆ ನಿಚ್ಚಳವಾಗಿ ಮೂಡುತ್ತದೆ. ಹಳ್ಳಿಯ ಮಗುವಿನ ಕೈಗೆಟಕುವ ಬೆಲೆಗೆ ಚಿತ್ರವಿರುವ ಪುಸ್ತಕ ಕೊಡಬೇಕಾದರೆ ಗೆರೆಯನ್ನೇ ನಂಬಬೇಕು. ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ಮಕ್ಕಳೊಂದಿಗೆ ಶಿಕ್ಷಣದ ಪ್ರಯೋಗ ನಡೆಸಿದವರಿಗೆ, ‘ಬಾಲಪ್ರಪಂಚ’ದಂಥ ವಿಶ್ವಕೋಶ ಕೊಟ್ಟವರಿಗೆ ಈ ಲೆಕ್ಕ ಬರೀ ಹಣದ್ದಾಗಿರಲಿಲ್ಲ. ಕಾಣದ್ದನ್ನು ಮಗುವಿಗೆ ಕಾಣಿಸುವ ಹೊಣೆ ಅದರಲ್ಲಿತ್ತು. ಮುದ್ರಣದಲ್ಲಿ ಅವರಿಗೆ ನಷ್ಟವಾಯಿತು. ಆ ನಷ್ಟವನ್ನು ವ್ಯವಹಾರದ ಸೋಲೆಂದು ಬರೆಯುವ ಜೀವನಚರಿತ್ರೆಕಾರರು, ಅದರಿಂದ ಕನ್ನಡದ ಪುಟಕ್ಕೆ ದಕ್ಕಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು.

1930ರ ಆಸುಪಾಸಿನಲ್ಲಿ ಅವರು ಮೂಕಿಚಿತ್ರಕ್ಕೂ ಕೈಹಾಕಿದ್ದರು. ಚಿತ್ರಕಾರನ ಆ ಕಣ್ಣು ಗದ್ಯದೊಳಗೂ ಕೆಲಸ ಮಾಡಿದೆ. ಸುಬ್ರಹ್ಮಣ್ಯದ ಕಾಡು, ಕುಮಾರ ಪರ್ವತದ ಪರಿಸರದಲ್ಲಿ ನಡೆಯುವ ‘ಬೆಟ್ಟದ ಜೀವ’ ಕಾದಂಬರಿಯ (1943) ನಿಸರ್ಗವರ್ಣನೆಯನ್ನು ನಾನು ಓದುವುದು ಹೀಗೆ: ಮೊದಲು ದಿಗಂತದ ಗೆರೆ, ಆಮೇಲೆ ಇಳಿಜಾರು, ತೋಟ, ಕಡೆಗೆ ಮನುಷ್ಯ. ದೂರದಿಂದ ಹತ್ತಿರಕ್ಕೆ ಬರುವ ಈ ಕ್ರಮ ನಿಸರ್ಗಚಿತ್ರ ಬರೆಯುವವನ ಕ್ರಮ. ಕಾದಂಬರಿಯ ನಾಯಕ ಗೋಪಾಲಯ್ಯನ ಮನೆಯಂಗಳಕ್ಕೆ ಓದುಗ ತಲುಪುವ ಹೊತ್ತಿಗೆ ಬೆಟ್ಟದ ಅಳತೆ ಅವನ ಮನಸ್ಸಿನಲ್ಲಿ ಕೂತಿರುತ್ತದೆ. ಚಿತ್ರ ಮತ್ತು ರಂಗಸಜ್ಜಿಕೆ ಎರಡರಲ್ಲೂ ದುಡಿದ ಸುಳ್ಯದ ಮೋಹನ್ ಸೋನ ಅವರಲ್ಲಿ, ಕಲೆಯನ್ನು ಒಂದೇ ಚೌಕಟ್ಟಿಗೆ ಕಟ್ಟಿಹಾಕದ ಈ ಗುಣವನ್ನು ಇದೇ ಸೀಮೆ ಇನ್ನೊಮ್ಮೆ ಕಂಡಿತು. ಕಾರಂತರಿಂದ ಅವರಿಗೆ ನೇರ ಪ್ರಭಾವ ಹರಿಯಿತೆಂದು ನಾನು ಹೇಳುತ್ತಿಲ್ಲ. ಬಣ್ಣವನ್ನು ಆಟದಿಂದ ಬೇರ್ಪಡಿಸದ ನೆಲ ಇಬ್ಬರಿಗೂ ಒಂದೇ.

ಸಂಶೋಧನೆ ಇಲ್ಲಿಂದ ಮುಂದೆ ಹೋಗಬೇಕಾದರೆ ಕಾರಂತರ ಪುಸ್ತಕಗಳನ್ನು ಪಠ್ಯಗಳಾಗಿ ಮಾತ್ರವಲ್ಲ, ಕಾಗದ, ಮಸಿ, ಬ್ಲಾಕುಗಳ ವಸ್ತುಗಳಾಗಿಯೂ ವಿವರಿಸಬೇಕು. ಮರುಮುದ್ರಣಗಳಲ್ಲಿ ಮುಖಪುಟ ಬದಲಾಗುತ್ತದೆ, ಮೊಳೆಯ ಜಾಗಕ್ಕೆ ಕಂಪ್ಯೂಟರಿನ ಅಕ್ಷರ ಬರುತ್ತದೆ, ಚಿತ್ರಕ್ಕೂ ಪಠ್ಯಕ್ಕೂ ಇದ್ದ ಅಂತರ ಕದಲುತ್ತದೆ. ಬಾಲವನದ ಮನೆಯನ್ನು ಉಳಿಸಿಕೊಳ್ಳಲು ತೋರಿದ ಕಾಳಜಿ ಪುತ್ತೂರಿನಲ್ಲಿ ಅಚ್ಚಾದ ಮೊದಲ ಮುದ್ರಣಗಳಿಗೂ ಸಲ್ಲಬೇಕು. ಅವುಗಳ ಮುಖಪುಟ, ಒಳಚಿತ್ರ, ಮುದ್ರಣದ ವಿವರಗಳನ್ನು ಒಂದೆಡೆ ತರುವ ಸಚಿತ್ರ ಸೂಚಿಯೊಂದು ಈ ಅಧ್ಯಯನದ ಮೊದಲ ಕೆಲಸವಾಗಲಿ.