ಇದ್ದಿಲ ಹೊಗೆಯ ಮೋಟಾರು

ಹೋದ ಚಳಿಗಾಲದಲ್ಲಿ ನನ್ನ ಸೋದರಳಿಯನು ಗೋಕಾಕದ ನಮ್ಮ ಮನೆಯ ಅಂಗಳಕ್ಕೆ ತನ್ನ ಟರ್ಬೋ ಕಾರನ್ನು ತಂದು ನಿಲ್ಲಿಸಿ, ಅದರ ಬಾನೆಟ್ಟನ್ನು ತೆರೆದನು. ಕೈಯಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಪೆಟ್ಟಿಗೆ, ಅದರಿಂದ ಹೊರಟ ನಾಲ್ಕಾರು ತಂತಿ. ಅದು ಇಂಧನ ನಿಯಂತ್ರಕವಂತೆ. ಕಾರಿನ ತಯಾರಕರು ಕೊಟ್ಟುದಲ್ಲ. ಹೊರಗಿನಿಂದ ಕೊಂಡು ಜೋಡಿಸತಕ್ಕದ್ದು. "ಮಾಮಾ, ಇಂಥದನ್ನು ನಿಮ್ಮ ಕಾಲದವರು ಕನಸಿನಲ್ಲಿಯೂ ಕಂಡಿರಲಾರಿರಿ" ಎಂದನು. ನಾನು ನಕ್ಕೆ. ನನ್ನ ಕಾಲವೇಕೆ, ನನಗಿಂತ ಹಿಂದಿನವರ ಕಾಲದಲ್ಲಿಯೇ ಇದೇ ತಾಲ್ಲೂಕಿನ ದಾರಿಗಳಲ್ಲಿ ಇಂಥ ಕೆಲಸ ನಡೆದಿತ್ತು. ಆದರೆ ಆ ನಿಯಂತ್ರಕವು ಒಂದು ಹಿಡಿಕೆಯಾಗಿತ್ತು, ಅದನ್ನು ತಿದ್ದುವ ಬುದ್ಧಿ ಡ್ರೈವರನ ಕಿವಿಯಲ್ಲಿತ್ತು.

ಆ ಕಥೆ ಎರಡನೆಯ ಮಹಾಯುದ್ಧದ ಕಾಲದ್ದು. ಹಿಂದುಸ್ತಾನದಲ್ಲಿ 1941ರಲ್ಲಿಯೇ ಪೆಟ್ರೋಲಿಗೆ ಪಡಿತರ ಬಂದಿತ್ತು. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ಕೈಸೇರಿತು. ಮರುತಿಂಗಳು ಯೆನಾನ್‌ಜಾಂಗಿನ ಎಣ್ಣೆಬಾವಿಗಳನ್ನು ಹಿಮ್ಮೆಟ್ಟುತ್ತಿದ್ದ ಬ್ರಿಟಿಷರೇ ಹಾಳುಗೆಡವಿದರು. ಬರ್ಮಾದ ಎಣ್ಣೆ ನಿಂತಿತು. ಇದ್ದಷ್ಟು ಪೆಟ್ರೋಲು ಸೈನ್ಯಕ್ಕೆ ಹೋಯಿತು. ಆಗ ಗೋಕಾಕ, ಹುಕ್ಕೇರಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಸರಕಾರಿ ಬಸ್ಸು ಎಂಬುದು ಇನ್ನೂ ಹುಟ್ಟಿರಲಿಲ್ಲ. ಮುಂಬಯಿಯಲ್ಲಿಯೂ ಮೈಸೂರಿನಲ್ಲಿಯೂ ಅದು ಬಂದದ್ದು 1948ರಲ್ಲಿ. ಖಾಸಗಿ ಮಾಲಕರ ಮೋಟಾರುಗಳೇ ಸಂತೆಗೂ ಕೋರ್ಟಿಗೂ ಜನರನ್ನು ಒಯ್ಯುತ್ತಿದ್ದವು. ಪೆಟ್ರೋಲು ಇಲ್ಲದ ಮೇಲೆ ಅವರು ಹಿಡಿದ ಉಪಾಯವೇ ಇದ್ದಿಲ ಗ್ಯಾಸು.

ಉಪಾಯ ಹೊಸದೇನಲ್ಲ. ಫ್ರಾನ್ಸಿನ ಜಾರ್ಜ್ ಇಂಬೆರ್ ಎಂಬವರು 1920ರ ದಶಕದಲ್ಲಿಯೇ ಕಟ್ಟಿಗೆಯ ಅನಿಲದಿಂದ ಮೋಟಾರು ಓಡಿಸುವ ಒಲೆಯನ್ನು ರೂಪಿಸಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಜರ್ಮನಿಯಲ್ಲಿ ಇಂಥ ಗಾಡಿಗಳು ಲಕ್ಷಗಟ್ಟಲೆ ಇದ್ದವು. ನಮ್ಮಲ್ಲಿ ಇದ್ದಿಲೇ ಹೆಚ್ಚು ಬಳಕೆಯಾಯಿತು.

ಇದರ ಮರ್ಮ ಇಷ್ಟೆ. ಇದ್ದಿಲಿಗೆ ಬೇಕಾದಷ್ಟು ಗಾಳಿ ಕೊಟ್ಟರೆ ಅದು ಪೂರ್ತಿ ಉರಿದು ಬೂದಿಯಾಗುತ್ತದೆ. ಗಾಳಿಯನ್ನು ಹಿಡಿತದಲ್ಲಿ ಕೊಟ್ಟು, ಹುಟ್ಟಿದ ಅನಿಲವನ್ನು ಕೆಂಡದ ಹಾಸಿನ ಮೂಲಕವೇ ಹಾಯಿಸಿದರೆ ಅದು ಕಾರ್ಬನ್ ಮೊನಾಕ್ಸೈಡ್ ಆಗಿ ಹೊರಬರುತ್ತದೆ. ಈ ಅನಿಲ ಮತ್ತೆ ಉರಿಯಬಲ್ಲದು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಕೊಳವೆಯೊಲೆ ಕಟ್ಟುವರು. ಅನಿಲವು ತಣಿಸುವ ಕೊಳವೆಗಳಲ್ಲಿಯೂ ಧೂಳು ಸೋಸುವ ಡಬ್ಬಿಗಳಲ್ಲಿಯೂ ಹಾಯ್ದು ಯಂತ್ರದ ಬಾಯಿಗೆ ಬರುವುದು. ಅಲ್ಲಿ ಒಂದು ಕವಾಟ. ಆ ಕವಾಟಕ್ಕೆ ಡ್ರೈವರನ ಕೈಯಲ್ಲಿ ಹಿಡಿಕೆ.

ಪೆಟ್ರೋಲು ಒಂದು ತೂಕವಿದ್ದರೆ ಗಾಳಿ ಸುಮಾರು 14.7 ತೂಕ ಬೇಕು. ಇದ್ದಿಲ ಅನಿಲಕ್ಕೆ ಹಾಗಲ್ಲ. ಅಳತೆಯಲ್ಲಿ ಒಂದಕ್ಕೆ ಒಂದರ ಆಸುಪಾಸು ಗಾಳಿ ಸಾಕು. ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಉರಿಯದ ಸಾರಜನಕವೇ ಇರುವುದರಿಂದ, ಒಮ್ಮೆ ಸಿಲಿಂಡರು ತುಂಬಿದರೆ ಸಿಕ್ಕುವ ಕಸುವು ಕಡಿಮೆ. ಪೆಟ್ರೋಲಿನಲ್ಲಿದ್ದ ಶಕ್ತಿಯ ಅರ್ಧದ ಸಮೀಪ ಕಳೆದುಹೋಗುತ್ತಿತ್ತು. ಈ ಅನಿಲ ನಿಧಾನವಾಗಿ ಉರಿಯುವುದರಿಂದ ಕಿಡಿಯನ್ನು ಮೊದಲಿಗಿಂತ ಮುಂಚೆ ಹಾರಿಸಬೇಕು. ಕೆಂಡ ಹೆಚ್ಚು ಕಾದಾಗ ಒಂದು ಬಗೆಯ ಅನಿಲ, ಇದ್ದಿಲು ಹಸಿಯಾಗಿದ್ದರೆ ಇನ್ನೊಂದು ಬಗೆಯದು. ಆದುದರಿಂದ ಒಮ್ಮೆ ತಿದ್ದಿ ಬಿಟ್ಟುಬಿಡುವ ಕೆಲಸ ಇದಾಗಿರಲಿಲ್ಲ. ಮೈಲಿ ಮೈಲಿಗೂ ಹಿಡಿಕೆಯನ್ನು ಕೂದಲೆಳೆಯಷ್ಟು ಸರಿಸುತ್ತ ಹೋಗಬೇಕಾಗಿತ್ತು.

ಇದೆಲ್ಲವನ್ನೂ ನಾನು ಕೇಳಿದ್ದು ನನ್ನ ಸೋದರಮಾವನಿಂದ. ಅವನು 1943ರಲ್ಲಿ, ಹದಿನಾಲ್ಕರ ಹುಡುಗ, ಗೋಕಾಕದಿಂದ ಹೊರಡುವ ಒಂದು ಮೋಟಾರಿನಲ್ಲಿ ಕ್ಲೀನರನಾಗಿದ್ದನು. ಬೆಳಗಿನ ಜಾವ ಎದ್ದು ಬೂದಿ ಬಳಿಯುವುದು, ಇದ್ದಿಲನ್ನು ಒಂದಳತೆಯಾಗಿ ಒಡೆದು ತುಂಬುವುದು, ಬೆಂಕಿಯಿಟ್ಟು ಗಾಳಿಚಕ್ರವನ್ನು ಕೈಯಿಂದ ತಿರುವುವುದು ಅವನ ಪಾಲು. ಕಾಲು ಗಂಟೆ ತಿರುವಿದ ಮೇಲೆ ಕೊಳವೆಯ ತುದಿಗೆ ಕಡ್ಡಿ ಗೀರುವನು. ನೀಲಿಯ ಜ್ವಾಲೆ ನಿಂತು ಉರಿದರೆ ಅನಿಲ ಸಿದ್ಧ, ಹಾರಿ ಆರಿದರೆ ಮತ್ತೆ ತಿರುವು. ಮೂಡಲಗಿಯ ಕಡೆಯ ಕರಿನೆಲದ ಸಮದಾರಿಯಲ್ಲಿ ಬಸ್ಸು ಹೇಗೋ ಓಡುತ್ತಿತ್ತಂತೆ. ಹುಕ್ಕೇರಿಯ ಕಡೆಯ ಏರಿನಲ್ಲಿ ಮಾತ್ರ ಗಂಡಸರೆಲ್ಲ ಇಳಿದು ಹೆಗಲು ಕೊಡಬೇಕು. ಟಿಕೇಟಿಗೂ ದುಡ್ಡು, ನೂಕುವುದಕ್ಕೂ ನಾವೇ ಎಂದು ಸಂತೆಯ ಜನ ನಗುತ್ತಿದ್ದರಂತೆ.

ಈ ನಗುವಿನ ಕಥೆಯನ್ನು ಮಾವ ಎಲ್ಲರಿಗೂ ಹೇಳುತ್ತಿದ್ದನು. ಇನ್ನೊಂದು ಕಥೆಯನ್ನು ನನಗೆ ಒಮ್ಮೆ ಮಾತ್ರ ಹೇಳಿದನು. ಅದೇ ಮೋಟಾರಿನ ಮತ್ತೊಬ್ಬ ಹುಡುಗ, ಮಾವನ ವಯಸ್ಸಿನವನೇ, ಪುಷ್ಯಮಾಸದ ಚಳಿಯಲ್ಲಿ ಒಲೆಯ ಬಿಸಿಗೆಂದು ಬಸ್ಸಿನ ಹಿಂಬದಿಗೆ ಗೋಣಿ ಹಾಸಿ ಮಲಗಿದನು. ಮೋಟಾರಿನ ಕೊಟ್ಟಿಗೆಯ ಬಾಗಿಲು ಮುಚ್ಚಿತ್ತು. ಬೆಳಿಗ್ಗೆ ಅವನು ಏಳಲಿಲ್ಲ. ಮೈಮೇಲೆ ಗಾಯವಿಲ್ಲ, ಸುಟ್ಟ ಗುರುತಿಲ್ಲ. ಹಾವು ಕಚ್ಚಿರಬೇಕು ಎಂದರಂತೆ. ಆ ದಿನವೂ ಮೋಟಾರು ಹೊತ್ತಿಗೆ ಸರಿಯಾಗಿ ಹೊರಟಿತು. ಗಾಳಿಚಕ್ರ ತಿರುವಿದವನು ಮಾವನೇ.

ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಿಗಿಯಿಂದ ಇದನ್ನು ಹಿಡಿದುಕೊಳ್ಳುತ್ತದೆ. ಬಸ್ಸನ್ನು ಓಡಿಸಿದ ಅನಿಲವೇ ಹುಡುಗನನ್ನು ಕೊಂದಿತೆಂದು ಮಾವನಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವನಿಗೂ ಆ ದಿನಗಳಲ್ಲಿ ತಲೆಸಿಡಿತ, ಓಕರಿಕೆ ನಿತ್ಯದವಾಗಿದ್ದವು. ಹಸಿವೆಯೆಂದು ತಿಳಿದಿದ್ದನು.

ಯುದ್ಧ ಮುಗಿದು ಪೆಟ್ರೋಲು ಸಿಗತೊಡಗಿದಂತೆ ಒಲೆಗಳು ಗುಜರಿಗೆ ಹೋದವು. ವಿದ್ಯೆ ಮಾತ್ರ ಪೂರ್ತಿ ಅಳಿಯಲಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅದೇ ತತ್ತ್ವವನ್ನು ಮತ್ತೆ ಕೈಗೆತ್ತಿಕೊಂಡು, ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆಯ ಅನಿಲವನ್ನು ಡೀಸೆಲ್ ಯಂತ್ರಕ್ಕೆ ಕೂಡಿಸಿ ಮನೆಗಳಿಗೆ ದೀಪ ಕೊಟ್ಟರು.

ಇನ್ನು ಅಳಿಯನ ಪೆಟ್ಟಿಗೆಗೆ ಬರೋಣ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟು ಪಡೆದ ವಿಚಾರದಿಂದ ಟರ್ಬೋ ಬೆಳೆದು ಬಂದಿತು. ಹೊರಹೋಗುವ ಹೊಗೆಯೇ ಚಕ್ರವನ್ನು ತಿರುಗಿಸಿ, ಹೆಚ್ಚು ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಗಾಳಿ ಹೆಚ್ಚಿದರೆ ಇಂಧನವೂ ಹೆಚ್ಚಬೇಕು. ಈ ಪೆಟ್ಟಿಗೆ ಒತ್ತಡ ಅಳೆಯುವ ತಂತಿಯ ನಡುವೆ ಕುಳಿತು, ಕಾರಿನ ಗಣಕಕ್ಕೆ ಹೋಗುವ ಸುದ್ದಿಯನ್ನು ತಿದ್ದಿ ಕಳಿಸುತ್ತದೆ. ಪೂರ್ತಿ ಭಾರದಲ್ಲಿ ಗಾಳಿ 12 ಪಾಲಿನ ಸುಮಾರಿಗೆ ಇಳಿದರೆ ಯಂತ್ರ ತಣ್ಣಗಿರುತ್ತದೆ. ಇಂಧನ ಸಾಲದೆಹೋದರೆ ಬಡಿತ ಹುಟ್ಟಿ ಪಿಸ್ಟನ್ನೇ ಕರಗೀತು. ಹೊಗೆಕೊಳವೆಯಲ್ಲಿ ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸರು ಇಲ್ಲದೆ ಇದನ್ನು ತಿದ್ದಹೊರಡುವುದು ಕಣ್ಣು ಕಟ್ಟಿಕೊಂಡು ನಡೆದಂತೆ. ಇಂಧನ ಹೆಚ್ಚಾದಂತೆಲ್ಲ ಹೊಗೆಯಲ್ಲಿ ಬೆಳೆಯುವುದು ಯಾವುದು? ಅದೇ ಕಾರ್ಬನ್ ಮೊನಾಕ್ಸೈಡು. ಅಲ್ಲದೆ, ತಯಾರಕರ ವಿವರಕ್ಕೆ ಹೊರತಾಗಿ ಗಾಡಿಯನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಡ್ಡ ಬರುತ್ತದೆ.

ಇದನ್ನೆಲ್ಲ ಹೇಳಿದ ಮೇಲೆ ಅಳಿಯನು ಸುಮ್ಮನೆ ಕುಳಿತನು. ಕಾಯಿದೆಯ ಮಾತು ಅವನಿಗೆ ಅಷ್ಟು ನಾಟಲಿಲ್ಲ. "ಆ ಹುಡುಗನ ಹೆಸರೇನು?" ಎಂದು ಕೇಳಿದನು. ಮಾವ ಹೇಳಿದ್ದನು, ನಾನು ಬರೆದಿಟ್ಟುಕೊಳ್ಳಲಿಲ್ಲ, ಈಗ ಮರೆತಿದೆ. ಕೇಳೋಣವೆಂದರೆ ಮಾವ ಇಲ್ಲ.

ಅಳಿಯನು ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲಿಟ್ಟು ಬಾನೆಟ್ಟು ಮುಚ್ಚಿದನು. ರಾತ್ರಿ ಕಾರನ್ನು ನಮ್ಮ ಹಳೆಯ ಕೊಟ್ಟಿಗೆಯಲ್ಲಿ ನಿಲ್ಲಿಸಲು ಹೋದಾಗ, ಯಂತ್ರ ನಿಲ್ಲಿಸುವ ಮುಂಚೆಯೇ ಎರಡೂ ಬಾಗಿಲುಗಳನ್ನು ಪೂರ್ತಿ ತೆರೆದಿರಿಸಿದುದನ್ನು ಕಂಡೆನು. ಅಷ್ಟನ್ನು ಅವನು ಕಲಿತನು.