ಕಾರಾಪುರದ ಹುಡುಗ

ಹೆಗ್ಗಡದೇವನಕೋಟೆಯ ಚರಿತ್ರೆ ಎಂದರೆ ಖೆಡ್ಡಾ, ಅರಮನೆಯ ಅತಿಥಿಗಳು ಎಂದೇ ಬರೆಯುವುದು ನಮ್ಮಲ್ಲಿ ವಾಡಿಕೆ. ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬುವಿಗೆ ಸಿಕ್ಕರೆ ಅರ್ಧ ಸಾಲು.

ಕಿಪ್ಲಿಂಗನ ಕಥೆಯನ್ನು ಚಿತ್ರವಾಗಿಸಲು ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿಯ ತಂಡ ಈ ತಬ್ಬಲಿಯನ್ನು ಆನೆಲಾಯದಿಂದ ಆರಿಸಿತು. ಆನೆ, ಕಾಡು ಇಲ್ಲಿಯವು. ಉಳಿದ ಎಷ್ಟೋ ದೃಶ್ಯಗಳನ್ನು ಜೋಲ್ಟನ್ ಕೋರ್ಡಾ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ತೆಗೆದ. 1937ರ ‘ಎಲಿಫೆಂಟ್ ಬಾಯ್’ಗೆ ವೆನಿಸ್ಸಿನಲ್ಲಿ ನಿರ್ದೇಶನದ ಪ್ರಶಸ್ತಿ ಬಂತು, ಇಬ್ಬರಿಗೂ ಕೂಡಿ.

ಚಿತ್ರವನ್ನು ನಾನು ಎರಡು ಸಲ ನೋಡಿದ್ದೇನೆ. ಕಟ್ಟಿದ ಕಾಡಿನಲ್ಲಿ ಹುಡುಗ ಕಲಿತ ಇಂಗ್ಲಿಷನ್ನು ಪಾಠದಂತೆ ಒಪ್ಪಿಸುತ್ತಾನೆ. ಆನೆಯ ಕತ್ತಿನ ಮೇಲೆ ಕೂತಾಗ ಮಾತ್ರ ಯಾರ ಹಂಗೂ ಇಲ್ಲ. ನನ್ನ ಲೆಕ್ಕದಲ್ಲಿ ಆ ಪ್ರಶಸ್ತಿಯಲ್ಲಿ ಅವನಿಗೂ ಒಂದು ಪಾಲು ಸಲ್ಲಬೇಕು.

ಸಾಬು 1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ಕಾಕನಕೋಟೆಯ ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ನೆಲ ಈಗ ಕಬಿನಿಯ ಹಿನ್ನೀರಿನಲ್ಲಿದೆ.